ಅತ್ತೆಯ ಗೆರೆ, ಸೊಸೆಯ ಹೊಲಿಗೆ

ಅಮರುಮೆ ಊರಿನ ತೊಗಾಶಿಯವರ ಮನೆಯಲ್ಲಿ ಸಾಶಿಕೊ ಕಸೂತಿಯ ಬಟ್ಟೆಯ ಮೇಲೆ ಗೆರೆ ಎಳೆಯುವುದು ಅತ್ತೆ ಕಿನುಯೊ ಕೆಲಸ. ಆ ಗೆರೆಯ ಮೇಲೆ ಬಿಳಿ ದಾರದಲ್ಲಿ ಹೊಲಿಯುವುದು ಸೊಸೆ ಚಿಜುರು ಕೆಲಸ. ಇಪ್ಪತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಕಿನುಯೊಗೆ ಎಪ್ಪತ್ತನಾಲ್ಕು. ನೀಲಿ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡುವಳು; ನೂಲಿನ ಎಳೆ ಓರೆಯಾಗಿದ್ದರೆ ಮೂಲೆ ಹಿಡಿದು ಜಗ್ಗಿ ನೇರ ಮಾಡುವಳು. ಬಿದಿರಿನ ಪಟ್ಟಿ ಇಟ್ಟು, ಮೂಳೆಯ ಗೀರುಕಡ್ಡಿಯಿಂದ ಮೊದಲು ಅಡ್ಡ-ಉದ್ದ ಗೆರೆಯ ಮನೆಗಳನ್ನು ಗೀರಿ, ಆಮೇಲೆ ಬಿಳಿ ಪೆನ್ಸಿಲ್ಲಿನಲ್ಲಿ ನಮೂನೆ ತುಂಬುವಳು. ಸೆಣಬಿನೆಲೆ, ಆಮೆಚಿಪ್ಪು, ಕಾಕಿ ಹೂವು, ಏಳು ರತ್ನ, ಎಲ್ಲವೂ ಅವಳ ಕೈಯಲ್ಲೇ ಇದ್ದವು, ಪುಸ್ತಕ ನೋಡಿದವಳಲ್ಲ. ಊರಿನ ಹೆಂಗಸರು ಬಟ್ಟೆ ತಂದು, ಗೆರೆ ಎಳೆಸಿಕೊಂಡು, ಮೂಲಂಗಿಯನ್ನೋ ಉಪ್ಪಿನಲ್ಲಿ ನೆನೆಸಿದ ಕೆಂಪು ಗೆಡ್ಡೆಯನ್ನೋ ಕೊಟ್ಟು ಹೋಗುತ್ತಿದ್ದರು.

ಚಿಜುರುಗೆ ನಲವತ್ತೈದು. ಬೆಳಿಗ್ಗೆ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಬೇಯಿಸಿ, ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು, ಅಡಿಯಲ್ಲಿ ಕಾವಿಟ್ಟು ಕೌದಿ ಹೊದಿಸಿದ ಬಿಸಿ ಮೇಜಿನ ಕೆಳಗೆ ಕಾಲು ಚಾಚಿ ಅತ್ತೆಯ ಪಕ್ಕ ಕೂತು ಹೊಲಿಯುತ್ತಿದ್ದಳು. ಅವಳ ಗಂಡ ಕತ್ಸುಮಿ ಇರಲಿಲ್ಲ. ಒಂದು ಫೆಬ್ರುವರಿ ಬೆಳಿಗ್ಗೆ ಅಂಗಳದ ಹಿಮ ಎತ್ತುತ್ತಿದ್ದವನು ಎದೆ ಹಿಡಿದುಕೊಂಡು ಸಲಿಕೆಯ ಪಕ್ಕದಲ್ಲೇ ಕುಳಿತುಬಿಟ್ಟಿದ್ದ. ಅದಾಗಿ ಆರು ವರ್ಷ ತುಂಬುತ್ತಾ ಬಂದಿತ್ತು; ಸತ್ತ ವರ್ಷವನ್ನೂ ಸೇರಿಸಿ ಎಣಿಸುವುದರಿಂದ ಬರುವ ಫೆಬ್ರುವರಿಗೆ ಏಳನೇ ವರ್ಷದ ಪೂಜೆ. ಮಗಳು ನಗಿಸಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಮಾವ ಶಿಗೆಹಾರು ರೈತರ ಸಂಘದ ಗೋದಾಮಿನಲ್ಲಿ ದುಡಿದು ನಿವೃತ್ತನಾದವನು. ಈಗ ಅವನ ಮುಖ್ಯ ಕೆಲಸ ಟೀವಿ ನೋಡುವುದು ಮತ್ತು ಹೆಂಡತಿಯಿಂದ ಬೈಸಿಕೊಳ್ಳುವುದು.

ನವೆಂಬರ್ ಮೊದಲ ವಾರ ಒಂದು ಸಂಜೆ ಊಟಕ್ಕೆ ಕೆಸುವಿನ ಗೆಡ್ಡೆಯ ಸಾರು. ಚಿಜುರು ಎಲ್ಲರಿಗೂ ಬಡಿಸಿ, ತನ್ನ ಬಟ್ಟಲು ಮುಟ್ಟದೆ ಕೂತಳು.

"ಅಪ್ಪ, ಅಮ್ಮ, ಒಂದು ಮಾತು ಹೇಳ್ಬೇಕು," ಎಂದಳು. ಮದುವೆಯಾಗಿ ಬಂದ ದಿನದಿಂದ ಅತ್ತೆ ಮಾವಂದಿರನ್ನು ಅವಳು ಕರೆಯುತ್ತಿದ್ದದ್ದು ಹಾಗೆಯೇ. "ಸಕಾತಾ ಬಂದರಲ್ಲಿ ಓತಾಕಿ ಅಂತ ಒಬ್ರಿದ್ದಾರೆ. ದೋಣಿ ಇಂಜಿನ್ ರಿಪೇರಿ ಮಾಡ್ತಾರೆ. ನಾವಿಬ್ರೂ ಮದುವೆ ಆಗೋಣ ಅಂದ್ಕೊಂಡಿದೀವಿ."

ಶಿಗೆಹಾರು ಬಟ್ಟಲು ಮುಂದೆ ಚಾಚಿ, "ಇನ್ನೊಂದ್ ಸೌಟು ಹಾಕು," ಎಂದ. ಏನು ಹೇಳಬೇಕೆಂದು ತಿಳಿಯದಿದ್ದಾಗ ಅವನು ಹೀಗೆ ಏನಾದರೂ ಕೇಳುತ್ತಿದ್ದ.

"ಸಾರಿಗೆ ಉಪ್ಪು ಜಾಸ್ತಿ ಆಗಿದೆ," ಎಂದಳು ಕಿನುಯೊ.

"ಅಜ್ಜಿ! ಅಮ್ಮ ಏನ್ ಹೇಳಿದ್ಲು ಅಂತ ಕೇಳಿಸ್ತಾ?" ನಗಿಸಾ ಕೇಳಿದಳು.

"ಕೇಳಿಸ್ತು. ಕಿವಿ ಇನ್ನೂ ಚೆನ್ನಾಗಿದೆ. ನಿಂಗೆ ಮೊದಲೇ ಗೊತ್ತಿತ್ತಾ?"

"ಬೇಸಿಗೆಯಿಂದ ಗೊತ್ತು."

"ಓಹೋ. ಹಾಗಾದ್ರೆ ಈ ಮನೇಲಿ ಎಲ್ಲರಿಗಿಂತ ಕೊನೇಲಿ ಗೊತ್ತಾಗಿದ್ದು ನಂಗೆ."

"ನಂಗೂ ಈಗ್ಲೇ ಗೊತ್ತಾಗಿದ್ದು," ಎಂದ ಶಿಗೆಹಾರು.

"ನಿಮ್ಗೆ ಯಾವ ವಿಷಯ ಯಾವಾಗ ಗೊತ್ತಾಗಿದೆ ಬಿಡಿ." ಕಿನುಯೊ ಊಟದ ಕಡ್ಡಿ ಕೆಳಗಿಟ್ಟಳು. "ಯಾವಾಗ ಮದುವೆ?"

"ನಗಿಸಾ ಅಪ್ಪನ ಏಳನೇ ವರ್ಷದ ಪೂಜೆ ಮುಗೀಲಿ. ಅವಳ ಸ್ಕೂಲೂ ಮುಗೀಲಿ. ಏಪ್ರಿಲ್‌ನಲ್ಲಿ ಅಂತ."

"ತಿಂಗಳು ಕೂಡ ಗೊತ್ತು ಮಾಡ್ಕೊಂಡಾಗಿದೆ. ಸರಿ. ಇವಳನ್ನೂ ಕರ್ಕೊಂಡ್ ಹೋಗ್ತೀಯಾ?"

"ನಾನೆಲ್ಲೂ ಹೋಗಲ್ಲಪ್ಪ," ಎಂದಳು ನಗಿಸಾ. "ಇಲ್ಲೇ ಆರೈಕೆ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ ನಂಗೆ. ಸೈಕಲ್ಲಲ್ಲಿ ಹತ್ತು ನಿಮಿಷ. ನೀವಿಬ್ರೂ ನನ್ನನ್ನ ಸಾಕ್ಬೇಕು ಇನ್ನೂ."

ಕಿನುಯೊ ಎದ್ದು ತನ್ನ ಬಟ್ಟಲು ತಾನೇ ತೊಳೆದಿಟ್ಟಳು. ಆ ಮನೆಯಲ್ಲಿ ಅದು ಬೈಗುಳಕ್ಕಿಂತ ಹೆಚ್ಚು.

ಮರುದಿನದಿಂದ ಅವಳು ತನ್ನ ಬಟ್ಟೆಯನ್ನೂ ತಾನೇ ಒಗೆದುಕೊಳ್ಳತೊಡಗಿದಳು. ಕಾಕಿ ಹಣ್ಣಿನ ಒಗರು ಕಳೆಯಲು ಹೆಂಡದಲ್ಲಿ ಅದ್ದಿ ಡಬ್ಬಿಗೆ ತುಂಬುವ ಕೆಲಸ ಪ್ರತಿ ವರ್ಷ ಅತ್ತೆ ಸೊಸೆ ಇಬ್ಬರೂ ಕೂಡಿ ಮಾಡುತ್ತಿದ್ದರು. ಈ ಸಲ ಚಿಜುರು ಶಾಲೆಯಿಂದ ಬರುವಷ್ಟರಲ್ಲಿ ಡಬ್ಬಿಗಳೆಲ್ಲ ಕಟ್ಟಿ ಮೂಲೆ ಸೇರಿದ್ದವು. ಚಿಜುರು ಹೊಲಿಯುತ್ತಿದ್ದದ್ದು ಬಾಗಿಲಿಗೆ ಹಾಕುವ ಒಂದು ಪರದೆ. ಅದರ ಮೇಲರ್ಧಕ್ಕೆ ಮಾತ್ರ ಗೆರೆ ಬಿದ್ದಿತ್ತು.

"ಅಮ್ಮ, ಮೇಲಿನದು ಮುಗೀತು. ಕೆಳಗಡೆ ಎಳೆದು ಕೊಡ್ತೀರಾ?"

"ಕಣ್ಣು ನೋಯ್ತಿದೆ."

ಅದೇ ಮಧ್ಯಾಹ್ನ ಪಕ್ಕದ ಮನೆಯ ಸೈತೊ ಅಕ್ಕ ಬಟ್ಟೆ ಹಿಡಿದುಕೊಂಡು ಬಂದಳು. ಕಿನುಯೊ ಅವಳ ಮುಂದೆಯೇ, ಚಹಾ ಆರುವುದರೊಳಗೆ, ಇಡೀ ಬಟ್ಟೆಗೆ ಆಮೆಚಿಪ್ಪಿನ ನಮೂನೆ ಎಳೆದು ಕೊಟ್ಟಳು. ಚಿಜುರು ಅಡುಗೆಮನೆಯಲ್ಲಿ ನಿಂತು ಪೆನ್ಸಿಲ್ಲಿನ ಸದ್ದು ಕೇಳಿದಳು. ರಜೆಯ ದಿನ ತ್ಸುರುಓಕಾ ಪೇಟೆಗೆ ಹೋಗಿ, ನಮೂನೆ ಅಚ್ಚು ಹಾಕಿದ ಬಟ್ಟೆ ಒಂದನ್ನು ಕೊಂಡು ತಂದು, ಬಿಸಿ ಮೇಜಿನ ಮೇಲೆ ಹರಡಿ ಹೊಲಿಯಲು ಕೂತಳು.

"ಇದೇನಿದು?" ಕಿನುಯೊ ಕೇಳಿದಳು.

"ಬಟ್ಟೆ."

"ಬಟ್ಟೆ ಅಂತ ಕಾಣ್ತಿದೆ. ಗೆರೆ ಯಾರದು?"

"ಮಿಷನ್‌ದು. ಹೊಲಿದಾದ್ಮೇಲೆ ನೀರಿಗೆ ಹಾಕಿದ್ರೆ ಗೆರೆ ಹೋಗಿಬಿಡುತ್ತೆ."

ಕಿನುಯೊ ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದಳು. "ಎಳೆ ಒಂದು ಕಡೆ ಹೋಗಿದೆ, ಅಚ್ಚು ಇನ್ನೊಂದು ಕಡೆ ಹೋಗಿದೆ. ಎರಡು ಸಲ ಒಗೆದ್ರೆ ತಿರುಚ್ಕೊಳ್ಳುತ್ತೆ ಇದು. ಇಂಥದ್ದನ್ನ ಈ ಮನೆಗೆ ತರೋಕೆ ನಾಚಿಕೆ ಆಗ್ಲಿಲ್ವಾ?"

"ನೀವು ಎಳೆದು ಕೊಡಲ್ಲ. ನಂಗೆ ಎಳೆಯೋಕೆ ಬರಲ್ಲ. ಏನ್ ಮಾಡ್ಲಿ ಹೇಳಿ."

"ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತಿದ್ದೆ. ಕಲೀಬಹುದಿತ್ತು."

ಚಿಜುರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಕೇಳಿದ್ದೆ, ಅಮ್ಮ. ಬಂದ ಎರಡನೇ ವರ್ಷ ಕೇಳಿದ್ದೆ. 'ಮೊದಲು ಹೊಲಿಗೆ ನೇರ ಮಾಡ್ಕೊ' ಅಂದ್ರಿ. ನಗಿಸಾ ಹುಟ್ಟಿದ್ಮೇಲೆ ಕೇಳಿದ್ದೆ. 'ಮಗು ಅಳ್ತಿದೆ, ಎತ್ಕೊ' ಅಂದ್ರಿ. ಅವರು ತೀರ್ಕೊಂಡ ವರ್ಷ ಕೇಳಿದ್ದೆ. ಆವಾಗ ನೀವೇನೂ ಅನ್ಲಿಲ್ಲ. ಎದ್ದು ಹೋಗ್ಬಿಟ್ರಿ."

ಕಿನುಯೊ ಈಗಲೂ ಎದ್ದು ಹೋದಳು. ಹೊರಗೆ ಗಾಳಿ ಬೀಸುತ್ತಿತ್ತು. ಸೂರಿನ ಕೆಳಗೆ ಒಣಗಲು ನೇತುಹಾಕಿದ್ದ ಮೂಲಂಗಿಗಳನ್ನು, ಒಣಗಿದ್ದವನ್ನೂ ಒಣಗದಿದ್ದವನ್ನೂ, ಒಂದೊಂದಾಗಿ ಇಳಿಸಿ ಬುಟ್ಟಿಗೆ ಹಾಕಿದಳು. ಸಂಜೆ ಶಿಗೆಹಾರು ಅವನ್ನೆಲ್ಲ ಮತ್ತೆ ಕಟ್ಟಿದ.

ಡಿಸೆಂಬರ್ ಬಂತು. ಅಚ್ಚಿನ ಬಟ್ಟೆಯನ್ನು ಚಿಜುರು ಮಡಚಿ ಒಳಗಿಟ್ಟಿದ್ದಳು. ಅತ್ತೆ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ತಾನೇ ಗೆರೆ ಎಳೆಯಲು ಕೂರುತ್ತಿದ್ದಳು. ಸುಲಭ ಅನ್ನಿಸಿದ್ದು ಸುಲಭವಾಗಿರಲಿಲ್ಲ. ಸೆಣಬಿನೆಲೆ ಎಂದರೆ ಒಂದು ನಡುವಿನಿಂದ ಆರು ಕಡೆಗೆ ಗೆರೆ ಒಡೆಯಬೇಕು. ಒಂದು ಎಲೆಯ ತುದಿ ಪಕ್ಕದ ಎಲೆಯ ತುದಿಗೆ ಕೂರಬೇಕು. ಎಡ ಅಂಚಿನಿಂದ ಶುರುಮಾಡಿ ಬಲ ಅಂಚಿಗೆ ಬರುವಷ್ಟರಲ್ಲಿ ಅವಳ ಎಲೆಗಳು ಅರ್ಧಕ್ಕೆ ಕತ್ತರಿಸಿ ಹೋಗುತ್ತಿದ್ದವು. ಎಲೆಗಳು ದಪ್ಪಗೂ ಆಗುತ್ತಿದ್ದವು, ಯಾರೋ ಮೇಲೆ ಕೂತು ಅದುಮಿದಂತೆ.

ಕಾಕಿ ಹಣ್ಣಿನ ಸಿಪ್ಪೆ ತೆಗೆಯುತ್ತಾ ಕೂತಿದ್ದ ಶಿಗೆಹಾರು ತಡೆಯಲಾರದೆ ಬಾಯಿ ಬಿಟ್ಟ. "ಅಂಚಿನಿಂದ ಶುರು ಮಾಡ್ತೀಯಲ್ಲ, ಅಲ್ಲೇ ತಪ್ಪೋದು."

"ಅಪ್ಪ! ನಿಮಗೆ ಬರುತ್ತಾ ಇದು?"

"ಬರಲ್ಲ. ಐವತ್ತು ವರ್ಷದಿಂದ ನೋಡ್ತಿದೀನಿ ಅಷ್ಟೇ. ಟೀವೀಲಿ ಏನೂ ಇಲ್ದಿದ್ದಾಗ ಅವಳ ಕೈ ನೋಡ್ತಾ ಕೂರ್ತೀನಿ. ಮೊದಲು ಬಟ್ಟೇನ ಎರಡು ಮಡಿಕೆ ಮಾಡಿ ನಡು ಹುಡುಕ್ತಾಳೆ. ಅಲ್ಲಿಂದ ಹೊರಗೆ ಬರ್ತಾಳೆ. ಉಳಿದಿದ್ದು ಎರಡೂ ಅಂಚಿಗೆ ಸಮ ಹಂಚುತ್ತೆ."

"ಎಲೆ ಯಾಕೆ ಹೀಗೆ ದಪ್ಪ ಆಗ್ತಿದೆ?"

"ನಿನ್ನ ಮನೆಗಳು ಚೌಕವಾಗಿವೆ. ಅವಳು ಗೊಣಗ್ತಿರ್ತಾಳಲ್ಲ, ನಾಲ್ಕಕ್ಕೆ ಏಳು, ನಾಲ್ಕಕ್ಕೆ ಏಳು ಅಂತ. ಅಗಲ ನಾಲ್ಕು, ಎತ್ತರ ಏಳು." ಅವನು ಬಾಗಿಲ ಕಡೆ ನೋಡಿದ. "ನಾನು ಹೇಳಿದೆ ಅಂತ ಮಾತ್ರ ಬಾಯ್ಬಿಡ್ಬೇಡ ತಾಯಿ. ಊಟ ಸಿಗಲ್ಲ ನಂಗೆ."

ಇಪ್ಪತ್ತು ವರ್ಷ ಆ ಗೊಣಗಾಟ ಚಿಜುರು ಕಿವಿಗೂ ಬಿದ್ದಿತ್ತು. ಯಾವುದೋ ಹಾಡಿನ ಸಾಲಿರಬೇಕು ಎಂದುಕೊಂಡಿದ್ದಳು.

ಹೊಸ ವರ್ಷ ಕಳೆದ ಎರಡನೇ ಭಾನುವಾರ ಓತಾಕಿ ಮನೆಗೆ ಬಂದ. ಚಿಜುರು ಕರೆದಿರಲಿಲ್ಲ, ಕಿನುಯೊ ಕರೆಸಿದ್ದಳು. "ಮುಖ ನೋಡದೆ ಹೇಗೆ? ಬರ್ಲಿ," ಎಂದಿದ್ದಳು, ಕಳ್ಳನನ್ನು ಠಾಣೆಗೆ ಕರೆಸಿದ ಹಾಗೆ.

ಅವನಿಗೆ ಐವತ್ತೊಂದು. ದೊಡ್ಡ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಾಯಿತು. ಅಮ್ಮನನ್ನು ಹದಿನಾಲ್ಕು ವರ್ಷ ಹಾಸಿಗೆಯಲ್ಲಿ ನೋಡಿಕೊಂಡವನು, ಮದುವೆಯಾಗಿರಲಿಲ್ಲ. ಕೈಯಲ್ಲಿ ಹಿಮದ ಜೊತೆ ಕಟ್ಟಿ ತಂದ, ಕಾಡ್ ಎಂಬ ಒಂದು ಕಡಲ ಮೀನು ಇತ್ತು.

"ಅಮ್ಮಾವ್ರೇ, ಬೆಳಿಗ್ಗೆ ದೋಣಿಯಿಂದ ಇಳಿದಿದ್ದು ಇದು," ಎಂದ. ಅದಕ್ಕಿಂತ ಹೆಚ್ಚು ಮಾತು ಅವನ ಹತ್ತಿರ ಇದ್ದಂತಿರಲಿಲ್ಲ.

ಕಿನುಯೊ ಮೀನಿನ ಕಿವಿರು ಎತ್ತಿ ನೋಡಿದಳು. "ಮೀನೇನೋ ಚೆನ್ನಾಗಿದೆ," ಎಂದಳು.

ಚಿಜುರು ಮೀನನ್ನು ಮೂಳೆ, ತಲೆ, ಪಿತ್ತಜನಕಾಂಗ ಸಮೇತ ಕತ್ತರಿಸಿ ಹುದುಗಿಸಿದ ಸೋಯಾದ ಮಿಸೊ ಸಾರಿಗೆ ಹಾಕಿದಳು. ಓತಾಕಿ ಬಿಸಿ ಮೇಜಿನ ಮುಂದೆ ಮಂಡಿಯೂರಿ ಕೂತ. ಅವನ ಕೆಲಸದ ಕೋಟು ನೀಲಿಯದು, ಹಳೆಯದು. ಎರಡು ಮೊಣಕೈಗೂ ತೇಪೆ ಹಾಕಿ ಬಿಳಿ ದಾರದಲ್ಲಿ ಸೆಣಬಿನೆಲೆ ಹೊಲಿದಿತ್ತು. ಕಿನುಯೊ ಚಹಾ ಬಗ್ಗಿಸುತ್ತಿದ್ದವಳು ಕೆಟಲ್ ಕೆಳಗಿಟ್ಟಳು.

"ಕೈ ಚಾಚಪ್ಪ."

ಓತಾಕಿ ಎರಡೂ ಕೈ ಚಾಚಿದ.

"ಎಡಗೈದು ಒಬ್ಬರು ಮಾಡಿದ್ದಾ, ಬಲಗೈದು ಇನ್ನೊಬ್ಬರು ಮಾಡಿದ್ದಾ?"

"ಎರಡೂ ಚಿಜುರು ಅವರೇ, ಅಮ್ಮಾವ್ರೇ."

"ಹೊಲಿಗೆ ಅವಳದೇ. ಅದು ನಂಗೆ ಕತ್ತಲಲ್ಲಿ ಮುಟ್ಟಿದ್ರೂ ಗೊತ್ತಾಗುತ್ತೆ. ಗೆರೆ ಕೇಳ್ತಿದೀನಿ." ಅವಳು ಎಡ ಮೊಣಕೈಯನ್ನು ಹಿಡಿದು ತಿರುಗಿಸಿದಳು. "ಇದು ಎಲೇನಾ? ಕಪ್ಪೆ ತುಳಿದ ಹಾಗಿದೆ. ಅಂಚಲ್ಲಿ ಅರ್ಧಕ್ಕೇ ನಿಂತಿದೆ." ಬಲಗೈ ಹಿಡಿದಳು. "ಇದು ನಡುವಿನಿಂದ ಬಂದಿದೆ. ನಾಲ್ಕಕ್ಕೆ ಏಳು ಇದೆ. ಇದನ್ನ ಅವಳಿಗೆ ಹೇಳಿಕೊಟ್ಟವರು ಯಾರು?"

ಶಿಗೆಹಾರು ಟೀವಿಯಲ್ಲಿ ನಡೆಯುತ್ತಿದ್ದ ಸುಮೊ ಕುಸ್ತಿಯ ಕಡೆ ಬಹಳ ಗಮನ ಕೊಟ್ಟ.

"ರೀ."

"ಹ್ಞಾಂ?"

"ನೀವಾ?"

"ಬಾಯ್ತಪ್ಪಿ ಬಂತು ಕಣೆ."

"ನಾಲ್ಕೂ ಏಳೂ ಬಾಯ್ತಪ್ಪಿ ಬಂತಾ? ಮಡಚೋದು ಕೂಡ ಬಾಯ್ತಪ್ಪಿ ಬಂತಾ?"

"ಅವಳು ಪಾಪ ನಾಲ್ಕು ದಿನದಿಂದ ಗೆರೆ ಎಳೆದು ಎಳೆದು ಅಳಿಸ್ತಾ ಕೂತಿದ್ಲು. ನೀನು ಹೇಳಿಕೊಡಲ್ಲ. ಮನೇಲಿ ಇನ್ಯಾರಿದ್ದಾರೆ ಹೇಳೋಕೆ?"

ನಗಿಸಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಳು. ಓತಾಕಿಗೆ ತಾನು ಏನು ತಪ್ಪು ಮಾಡಿದೆನೆಂದು ತಿಳಿಯಲಿಲ್ಲ. "ಅಮ್ಮಾವ್ರೇ, ಎರಡೂ ಬೆಚ್ಚಗೇ ಇವೆ," ಎಂದ.

"ಬೆಚ್ಚಗಿರುತ್ತೆ. ಕೋಟು ಬಿಚ್ಚು."

"ಈಗ್ಲಾ?"

"ಈಗ್ಲೇ. ಬಂದರಲ್ಲಿ ನೂರು ಜನ ಇದನ್ನ ನೋಡ್ತಾರೆ. ತೊಗಾಶಿ ಮನೆ ಗೆರೆ ಹೀಗಿರುತ್ತಾ ಅಂತಾರೆ. ಚಿಜುರು! ಕತ್ತರಿ ತಗೊಂಡ್ ಬಾ. ಎಡಗೈ ಬಿಚ್ಚು."

"ಅಮ್ಮ, ಸಾರು ಕುದೀತಿದೆ."

"ನಗಿಸಾ ನೋಡ್ಕೋತಾಳೆ. ಬಂದು ಕೂತ್ಕೊ."

ಚಿಜುರು ಬಂದು ಕೂತಳು. ಓತಾಕಿ ಬರೀ ಅಂಗಿಯಲ್ಲಿ, ಕೌದಿಯನ್ನು ಎದೆಯವರೆಗೆ ಎಳೆದುಕೊಂಡು, ಇಬ್ಬರು ಹೆಂಗಸರು ತನ್ನ ಕೋಟಿನ ಹೊಲಿಗೆ ಬಿಚ್ಚುವುದನ್ನು ನೋಡುತ್ತಾ ಕೂತ. ಕಿನುಯೊ ಹೊಸ ತುಂಡು ಬಟ್ಟೆ ತೆಗೆದಳು. ಅದನ್ನು ಎಳೆಯ ನೇರಕ್ಕೆ ಜಗ್ಗಿ ಚಿಜುರು ಕೈಗೆ ಕೊಟ್ಟಳು. ಮೂಳೆಯ ಕಡ್ಡಿ ಕೊಟ್ಟಳು.

"ಒತ್ತಬೇಡ. ಎಳೆ ಮೇಲೆ ಜಾರಿಸು. ಎಳೆ ಎಲ್ಲಿ ಹೋಗುತ್ತೋ ಕಡ್ಡಿನೂ ಅಲ್ಲೇ ಹೋಗ್ಲಿ. ನೀನು ಕರ್ಕೊಂಡ್ ಹೋಗ್ಬೇಡ ಅದನ್ನ."

ಊಟ ಆದದ್ದು ಎರಡು ಗಂಟೆ ತಡವಾಗಿ. ಓತಾಕಿ ಸಾರನ್ನು ಮೂರು ಸಲ ಹಾಕಿಸಿಕೊಂಡ. ಅವನು ಹೋದ ಮೇಲೆ ಶಿಗೆಹಾರು, "ಹೇಗಿದ್ದಾನೆ?" ಎಂದು ಕೇಳಿದ.

"ಮಾತು ಬರಲ್ಲ ಅವನಿಗೆ," ಎಂದಳು ಕಿನುಯೊ. "ಆದ್ರೆ ಹೊಲಿಗೆ ಬಿಚ್ಚುವಾಗ ದಾರದ ತುಂಡುಗಳನ್ನೆಲ್ಲ ಒಂದೊಂದಾಗಿ ಆರಿಸಿ ಅಂಗೈಲಿ ಇಟ್ಕೊಂಡಿದ್ದ."

ಅಲ್ಲಿಂದ ಪ್ರತಿ ಮಧ್ಯಾಹ್ನ ಪಾಠ ನಡೆಯಿತು. ಚಿಜುರು ಶಾಲೆಯಿಂದ ಬಂದು ಕೈ ತೊಳೆದು ಕೂರುವಳು. ಮೊದಲ ವಾರ ಬರೀ ಮನೆಗಳು. ಎರಡನೇ ವಾರ ಓರೆಗೆರೆ. ಕಿನುಯೊ ಹೊಗಳುವವಳಲ್ಲ. ತಪ್ಪಿದರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಮುಂದಿಡುವಳು. ಸರಿಯಾದರೆ ಏನೂ ಅನ್ನದೆ ಮುಂದಿನದಕ್ಕೆ ಹೋಗುವಳು. ಅವಳ ಬಟ್ಟೆಗಳು ಯಾವಾಗಲೋ ಮತ್ತೆ ಮನೆಯ ಬಟ್ಟೆಗಳ ಜೊತೆ ಸೇರಿ ಒಗೆಯಲು ಬೀಳತೊಡಗಿದ್ದವು.

ಹಿಮ ಜೋರಾಗಿ ಸುರಿದು ಶಾಲೆಗೆ ರಜೆ ಕೊಟ್ಟ ದಿನ ಇಬ್ಬರೂ ಬೆಳಿಗ್ಗೆಯಿಂದಲೇ ಕೂತಿದ್ದರು. ಕಾಕಿ ಹೂವಿನ ಮನೆಗಳನ್ನು ಗೀರುತ್ತಾ ಚಿಜುರು ಕೇಳಿದಳು. "ಅಮ್ಮ, ಇಷ್ಟು ದಿನ ಯಾಕೆ ಹೇಳಿಕೊಡ್ಲಿಲ್ಲ?"

ಕಿನುಯೊ ಪೆನ್ಸಿಲ್ ಚೂಪು ಮಾಡುತ್ತಿದ್ದಳು. "ನನ್ನ ಅತ್ತೆ ನಂಗೆ ಮೊದಲ ಚಳಿಗಾಲದಲ್ಲೇ ಎಲ್ಲಾ ಹೇಳಿಕೊಟ್ಬಿಟ್ಳು. ಆಮೇಲೆ ಅವಳ ಹತ್ರ ಕೂರೋ ಕೆಲಸ ನಂಗಿರ್ಲಿಲ್ಲ. ನನ್ನ ಹತ್ರ ಕೂರೋ ಕೆಲಸ ಅವಳಿಗಿರ್ಲಿಲ್ಲ. ಅವಳು ಆ ಕೋಣೇಲಿ, ನಾನು ಈ ಕೋಣೇಲಿ. ಹದಿನೆಂಟು ವರ್ಷ ಒಂದೇ ಮನೇಲಿದ್ವಿ. ಅವಳು ಸತ್ತಾಗ ಅವಳ ವಿಷಯ ನಂಗೆ ಗೊತ್ತಿದ್ದಿದ್ದು ಏನು ಗೊತ್ತಾ? ಯಾವ ಉಪ್ಪಿನಕಾಯಿ ಇಷ್ಟ ಅನ್ನೋದು. ಅಷ್ಟೇ."

ಚಿಜುರು ಕೈ ನಿಂತಿತ್ತು.

"ಗೀರು ನೀನು. ಕಿವಿಗೆ ಹೇಳ್ತಿದೀನಿ, ಕೈಗಲ್ಲ." ಚೂಪಾದ ಪೆನ್ಸಿಲ್ ಕೆಳಗಿಟ್ಟು ಅವಳೇ ಮತ್ತೆ ಮಾತೆತ್ತಿದಳು. "ಟೌನ್ ಆಫೀಸಲ್ಲಿ ಒಂದು ಕಾಗದ ಸಿಗುತ್ತಂತೆ. ಗಂಡ ಸತ್ತೋಳು ಅದನ್ನ ಬರೆದು ಕೊಟ್ರೆ ಅತ್ತೆ ಮಾವನ ಸಂಬಂಧ ಅಲ್ಲಿಗೆ ಮುಗೀತಂತೆ. ಸೈತೊ ಹೇಳ್ತಿದ್ಲು."

"ಸಿಗುತ್ತೆ."

"ತಂದಿದೀಯಾ?"

"ಈಗ ತಂದಿಲ್ಲ. ನಾಲ್ಕು ವರ್ಷದ ಹಿಂದೆ ತಂದಿದ್ದೆ. ನಗಿಸಾ ಟ್ಯೂಷನ್ ವಿಷಯಕ್ಕೆ ನಾವಿಬ್ರೂ ಜಗಳ ಆಡಿದ್ವಲ್ಲ, ಆವಾಗ. ಹೆಸರು ಬರೆದೆ. ನನ್ನ ಹೆಸರಿನ ಸೀಲು ಒತ್ತೋ ಹೊತ್ತಿಗೆ ನೀವು ಊಟಕ್ಕೆ ಕರೆದ್ರಿ. ಬಂದು ಊಟ ಮಾಡ್ದೆ. ಮಾರನೇ ದಿನ ಹರಿದು ಹಾಕ್ದೆ."

"ಏನಿತ್ತು ಊಟಕ್ಕೆ?"

"ನೆನಪಿಲ್ಲ ಅಮ್ಮ."

ಕಿನುಯೊ ತಲೆಯಾಡಿಸಿದಳು. "ಬೇಕಿದ್ರೆ ಈಗ ಕೊಡು. ನಾನು ಬೈಯಲ್ಲ."

"ಬೈತೀರ."

"ಬೈತೀನಿ. ಆದ್ರೂ ಕೊಡೋದೂ ಬಿಡೋದೂ ನಿನ್ನಿಷ್ಟ."

ಫೆಬ್ರುವರಿ ಕೊನೆಯ ಭಾನುವಾರ ಕತ್ಸುಮಿಯ ಏಳನೇ ವರ್ಷದ ಪೂಜೆ. ಭಿಕ್ಷು ಬಂದು ಮಂತ್ರ ಹೇಳಿ ಹೋದ. ಮನೆಯ ಪೀಠದ ಮುಂದೆ ಕತ್ಸುಮಿಯ ಫೋಟೊ, ಅನ್ನ, ಊದುಬತ್ತಿ. ಹನ್ನೊಂದು ಜನ ನೆಂಟರು ಊಟಕ್ಕೆ ಕೂತರು. ಶಿಗೆಹಾರುವಿನ ತಂಗಿ ಸುಮಿಯೆ ಯಮಗಾತಾದಿಂದ ಬಂದಿದ್ದಳು. ಎರಡು ಲೋಟ ಅಕ್ಕಿ ಹೆಂಡ ಒಳಗೆ ಹೋದ ಮೇಲೆ ಅವಳ ದನಿ ಏರಿತು.

"ಅಣ್ಣ, ಪಾಪ ನಮ್ಮ ಕತ್ಸುಮಿ. ಏಳನೇ ವರ್ಷದ ಪೂಜೆ ಯಾವಾಗ ಮುಗಿಯುತ್ತೋ ಅಂತ ಬೆರಳು ಮಡಚಿ ಕಾಯ್ತಿದ್ದವರೂ ಇದ್ದಾರೆ ನೋಡು ಈ ಮನೇಲಿ."

ಬಡಿಸುತ್ತಿದ್ದ ಚಿಜುರು ತಟ್ಟೆ ಹಿಡಿದುಕೊಂಡೇ ನಿಂತಳು. ನಗಿಸಾ ಕೆಂಪಾದಳು. ಶಿಗೆಹಾರು ಲೋಟ ಕೆಳಗಿಟ್ಟ, ಆದರೆ ಮಾತು ಅವನಿಗಿಂತ ಮೊದಲು ಕಿನುಯೊ ಬಾಯಿಂದ ಬಂತು.

"ಸುಮಿಯೆ, ಆರು ವರ್ಷ ದಿನಾ ಬೆಳಿಗ್ಗೆ ಆ ಫೋಟೊ ಮುಂದೆ ಬಿಸಿ ಅನ್ನ ಇಟ್ಟೋಳು ಅವಳು. ನನ್ನ ಸೊಂಟ ಹಿಡ್ಕೊಂಡಾಗ ನಂಗೆ ಸ್ನಾನ ಮಾಡಿಸಿದೋಳು ಅವಳು. ನೀನು ವರ್ಷಕ್ಕೊಂದು ಸಲ ಊಟಕ್ಕೆ ಬರ್ತೀಯ."

"ಅತ್ತಿಗೆ! ನಾನು ನಿಮ್ಮ ಪರವಾಗೇ ಅಲ್ವಾ ಹೇಳಿದ್ದು!"

"ನನ್ನ ಪರ ಮಾತಾಡೋಕೆ ನಂಗೆ ಬಾಯಿದೆ. ಅವಳು ಕದ್ದು ಓಡಿಹೋಗ್ತಿಲ್ಲ. ಈ ಮನೆಯಿಂದ ಮದುವೆ ಮಾಡಿ ಕಳಿಸ್ತಿದೀನಿ ನಾನು."

"ನಾವು," ಎಂದ ಶಿಗೆಹಾರು. ಎಲ್ಲರೂ ಅವನ ಕಡೆ ತಿರುಗಿದರು. ಅವನು ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಹೇಳಿದ. "ನಾವು ಕಳಿಸ್ತಿದೀವಿ."

ಸುಮಿಯೆ ಸಿಟ್ಟಿನಿಂದ ಮೂಲಂಗಿ ಕಡಿದಳು. ಆಮೇಲೆ ಯಾರೋ ಈ ಸಲದ ಹಿಮದ ಮಾತು ತೆಗೆದರು, ಊಟ ಮುಂದುವರಿಯಿತು.

ನೆಂಟರೆಲ್ಲ ಹೋದ ಮೇಲೆ ಚಿಜುರು ಪಾತ್ರೆ ತೊಳೆಯುತ್ತಾ ಅತ್ತಳು. ಭುಜ ಅಲುಗುತ್ತಿದ್ದದ್ದು ಹಿಂದಿನಿಂದ ಕಾಣುತ್ತಿತ್ತು. ಕಿನುಯೊ ಬಂದು ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತಳು.

"ಅರಗಿನ ಬಟ್ಟಲಿಗೆ ಅಷ್ಟು ಬಿಸಿ ನೀರು ಹಾಕ್ಬೇಡ, ಬಣ್ಣ ಬಿಡುತ್ತೆ," ಎಂದಳು.

"ಹ್ಞೂಂ, ಅಮ್ಮ."

ಹನ್ನೊಂದು ಬಟ್ಟಲನ್ನೂ ಇಬ್ಬರೂ ಸೇರಿ ಒರೆಸಿ ಪೆಟ್ಟಿಗೆಗೆ ಹಾಕಿದರು.

ಮಾರ್ಚ್‌ನಲ್ಲಿ ನಗಿಸಾಳ ಶಾಲೆ ಮುಗಿಯಿತು. ಏಪ್ರಿಲ್ ಹತ್ತರಂದು ಚಿಜುರು ಮತ್ತು ಓತಾಕಿ ಸಕಾತಾದಲ್ಲಿ ಮದುವೆ ನೋಂದಾಯಿಸಿದರು. ಸಂಬಂಧ ಮುಗಿಸುವ ಆ ಇನ್ನೊಂದು ಕಾಗದವನ್ನು ಚಿಜುರು ಕೇಳಲಿಲ್ಲ, ಕಿನುಯೊನೂ ಮತ್ತೆ ವಿಚಾರಿಸಲಿಲ್ಲ. ಸಕಾತಾ ರೈಲಿನಲ್ಲಿ ಕಾಲು ಗಂಟೆ. ಆದರೂ ಹೊರಡುವ ದಿನ ಶಿಗೆಹಾರು ಒಂದು ಡಬ್ಬಿ ಉಪ್ಪಿನಕಾಯಿ, ಅರ್ಧ ಮೂಟೆ ಅಕ್ಕಿ, ಬೆಳ್ಳುಳ್ಳಿ ಗೊಂಚಲು ಎಲ್ಲವನ್ನೂ ಓತಾಕಿಯ ವ್ಯಾನಿಗೆ ತುಂಬಿಸಿದ, ದೂರ ದೇಶಕ್ಕೆ ಹೋಗುತ್ತಿರುವವರಿಗೆ ತುಂಬಿಸುವಂತೆ.

ಮೇ ತಿಂಗಳಲ್ಲಿ ಒಂದು ಸಂಜೆ, ಕೆಲಸದಿಂದ ಬಂದ ನಗಿಸಾ ಅಜ್ಜಿಯ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದಳು.

"ಅಜ್ಜಿ, ಅಮ್ಮಂಗೆ ಎಲ್ಲಾ ನಮೂನೆ ಹೇಳಿಕೊಟ್ಯಾ?"

"ನೇರ ಗೆರೆದೆಲ್ಲಾ ಹೇಳಿಕೊಟ್ಟೆ."

"ಮತ್ತೆ ಏಳು ರತ್ನ? ಸುತ್ತು ಸುತ್ತು ಬರುತ್ತಲ್ಲ, ಅದು?"

"ಅದಿಲ್ಲ."

"ಯಾಕೆ? ಮರೆತ್ಯಾ?"

"ಮರೆಯೋಕೆ ನಂಗೇನಾಗಿದೆ?" ಕಿನುಯೊ ಒಂದು ಕಾಯಿ ಒಡೆದು ಕಾಳು ಉದುರಿಸಿದಳು. "ಎಲ್ಲಾ ಹೇಳಿಕೊಟ್ಬಿಟ್ರೆ ಅವಳು ಇಲ್ಲಿಗೆ ಯಾಕೆ ಬರ್ತಾಳೆ? ಎರಡು ವಾರಕ್ಕೊಂದು ಭಾನುವಾರ ಬಾ ಅಂದಿದೀನಿ. ಸುತ್ತು ಅಂದ್ರೆ ಸುಮ್ನೆ ಅಲ್ಲ."

ಮುಂದಿನ ರಜೆಗೆ ನಗಿಸಾ ಸಕಾತಾಕ್ಕೆ ಅಮ್ಮನನ್ನು ನೋಡಲು ಹೋದಳು. ಬಂದರಿನ ಹಿಂದಿನ ಸಣ್ಣ ಮನೆ. ಅಡುಗೆಮನೆಯ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿತ್ತು. ಅದರ ತುಂಬ ಸುತ್ತುಗಳು, ಒಂದರ ಮೇಲೊಂದು ಕಾಲಿಟ್ಟು, ನಡುವೆ ನಾಲ್ಕು ನಾಲ್ಕು ಎಸಳು ಬಿಡಿಸಿಕೊಂಡು, ಅಂಚಿನಿಂದ ಅಂಚಿಗೆ ಒಂದು ಕೂದಲೆಳೆ ತಪ್ಪದೆ ಕೂತಿದ್ದವು. ಪಕ್ಕದಲ್ಲಿ ಗ್ರಂಥಾಲಯದ ಪುಸ್ತಕ, ಸುತ್ತು ಎಳೆಯಲು ಬೋರಲು ಹಾಕಿದ ಅನ್ನದ ಬಟ್ಟಲು.

"ಅಮ್ಮ, ನೀನು ಕಲಿತುಬಿಟ್ಟಿದೀಯ!"

ಚಿಜುರು ಬಟ್ಟೆಯನ್ನು ಮಡಚಿ ಡ್ರಾಯರಿಗೆ ಹಾಕಿದಳು. "ಪುಸ್ತಕ ನೋಡಿದೆ, ಬಂತು. ಒಂದು ವಾರ ಹಿಡೀತು." ಮಗಳ ಮುಖ ನೋಡಿದಳು. "ಅಜ್ಜಿಗೆ ಹೇಳ್ಬೇಡ."

"ಹೇಳಲ್ಲ. ಆದ್ರೆ ಭಾನುವಾರ?"

"ಭಾನುವಾರ ಬರ್ತೀನಲ್ಲ."

ಜೂನ್ ಎರಡನೇ ಭಾನುವಾರ ಚಿಜುರು ಅಮರುಮೆಗೆ ಬಂದಳು. ಓತಾಕಿ ಒಣ ಮೀನು ಕಳಿಸಿದ್ದ. ಊಟ ಮುಗಿಸಿ, ಬಿಸಿ ಮೇಜಿನ ಕೌದಿ ತೆಗೆದು ಬರಿದಾಗಿದ್ದ ಹಲಗೆಯ ಮೇಲೆ ಇಬ್ಬರೂ ಬಟ್ಟೆ ಹರಡಿ ಕೂತರು. ಶಿಗೆಹಾರು ಬಾಗಿಲ ಬಳಿ ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದ. ನಗಿಸಾ ಚಹಾ ತಂದಿಟ್ಟು ಅಲ್ಲೇ ಉಳಿದಳು.

ಕಿನುಯೊ ಮರದ ಬಿಲ್ಲೆಯೊಂದನ್ನು ಸೊಸೆಯ ಕೈಗೆ ಕೊಟ್ಟಳು. "ಮೊದಲನೇ ಸುತ್ತು ನಡುವಲ್ಲಿ. ಅದರ ಮೈಮೇಲೆ ನಾಲ್ಕು ಕಡೆಯಿಂದ ನಾಲ್ಕು ಸುತ್ತು ಬರ್ಬೇಕು. ಪಕ್ಕಪಕ್ಕದವು ಆ ಮೊದಲನೇ ಗೆರೆ ಮೇಲಿನ ಚುಕ್ಕೀಲಿ ಬಂದು ಸೇರ್ಬೇಕು. ಹ್ಞಾಂ, ಎಳಿ."

ಚಿಜುರು ಮೊದಲ ಸುತ್ತು ಎಳೆದಳು. ಎರಡನೆಯದು, ಮೂರನೆಯದು ಸರಿಯಾಗಿ ಬಂದವು. ನಾಲ್ಕನೆಯದಕ್ಕೆ ಬಿಲ್ಲೆಯನ್ನು ಒಂದು ಬತ್ತದ ಕಾಳಿನಷ್ಟು ಪಕ್ಕಕ್ಕೆ ಸರಿಸಿ ಎಳೆದಳು. ಗೆರೆ ಚುಕ್ಕಿಯ ಆಚೆ ಹೋಯಿತು.

"ಅಯ್ಯೋ, ತಪ್ಪಿತು ಅಮ್ಮ."

ಕಿನುಯೊ ಕನ್ನಡಕ ಸರಿಮಾಡಿಕೊಂಡು ಬಟ್ಟೆಯ ಮೇಲೆ ಬಾಗಿದಳು. ಆ ತಪ್ಪು ಗೆರೆಯನ್ನು ಬಹಳ ಹೊತ್ತು ನೋಡಿದಳು. ಎಲ್ಲಿಯೂ ತಡವರಿಸಿರಲಿಲ್ಲ, ಎಲ್ಲಿಯೂ ದಪ್ಪವಾಗಿರಲಿಲ್ಲ. ಒಂದೇ ಉಸಿರಿಗೆ, ಕೈ ನಡುಗದೆ ಎಳೆದ ಗೆರೆ ಅದು. ಅವಳು ತಲೆಯೆತ್ತಿ ಸೊಸೆಯ ಮುಖ ನೋಡಿದಳು. ಚಿಜುರು ಚಹಾ ಲೋಟದ ಕಡೆ ನೋಡುತ್ತಿದ್ದಳು. ನಗಿಸಾ ಸೀಲಿಂಗಿನ ಕಡೆ ನೋಡುತ್ತಿದ್ದಳು.

ಕಿನುಯೊ ಒದ್ದೆ ಬಟ್ಟೆ ತೆಗೆದುಕೊಂಡು ಆ ಗೆರೆಯನ್ನು ನಿಧಾನವಾಗಿ ಒರೆಸಿದಳು.

"ಸುತ್ತು ಕಲಿಯೋಕೆ ನಿಂಗೆ ಇನ್ನೂ ನಾಲ್ಕು ಭಾನುವಾರ ಆದ್ರೂ ಬೇಕು," ಎಂದಳು.

"ಐದು ಬೇಕಾಗುತ್ತೆ, ಅಮ್ಮ," ಎಂದಳು ಚಿಜುರು.

"ಐದು ಅಂತಲೇ ಇಟ್ಕೊ," ಎಂದು ಕಿನುಯೊ ಬಿಲ್ಲೆಯನ್ನು ಮತ್ತೆ ಅವಳ ಕೈಗೆ ಕೊಟ್ಟಳು.